ಬಾಯಿ ರೋಜಾ

ನನ್ನ ತಮ್ಮ ಯೂನುಸ ನುಂಗೋದು ಬಿಟ್ಟಾನ ಅಂತ ನನಗ ಗೊತ್ತಾಗಿದ್ದು ರಮಜಾನಿನ ಹನ್ನೊಂದನೇ ರೋಜಾದ, ಅಂದ್ರ ಉಪವಾಸದ ದಿನ. ಅವತ್ತು ಬಂದಂಥ ಸಿಟ್ಟು ಐವತ್ತೆಂಟು ವರ್ಷದಾಗ ಯಾರ ಮ್ಯಾಲೂ ಬಂದಿಲ್ಲ ನೋಡ್ರಿ. ತೀರಿಹೋದ ನನ್ನ ಗಂಡನ ಮ್ಯಾಲೂ ಬಂದಿಲ್ಲ, ಅವನೇನು ಕಡಿಮಿ ಸಿಟ್ಟು ತರಿಸಿದಾವ ಅಲ್ಲ.

ನಾನು ಅಖ್ತರಬೇಗಂ. ಮಸ್ಕಿ ಬಜಾರದಾಗ ಬಳಿ ಅಂಗಡಿ ಇಟ್ಟೀನಿ. ಮನ್ಯಾಗ ನಮ್ಮದು ದಖನಿ ಮಾತು, ಅಂಗಡ್ಯಾಗ ಕನ್ನಡ. ಸಿಟ್ಟು ಬಂದ್ರ ಮಾತ್ರ ಮನ್ಯಾಗೂ ಕನ್ನಡನೇ ಬಾಯಿಗೆ ಬರ್ತೈತಿ, ಬೈಯಾಕ ಅದೇ ಅನುಕೂಲ. ಆಪಾ, ಅಂದ್ರ ಅಕ್ಕ, ಕನ್ನಡ ಶುರು ಮಾಡಿದ್ಲು ಅಂದ್ರ ಯೂನುಸ ಸಣ್ಣಾವಿದ್ದಾಗಿಂದ ಚಪ್ಪಲಿ ಹುಡುಕ್ತಿದ್ದ, ಓಡಿಹೋಗಾಕ.

ಅವನಿರೋದು ಸಿಂಧನೂರಾಗ, ನನಗಿಂತ ಆರು ವರ್ಷ ಸಣ್ಣಾವ. ಕೆನಾಲ್ ಕಡೆ ರೈತರ ಪಂಪಿನ ಮೋಟಾರು ಸುಟ್ಟುಹೋದ್ರ ಹಳೇ ತಂತಿ ಬಿಚ್ಚಿ ಹೊಸ ತಂತಿ ಸುತ್ತಿ ಕೊಡೋ ಅಂಗಡಿ, ಪಂಪಣ್ಣ ಅನ್ನಾವನ ಜೋಡಿ ಪಾಲಿನಾಗ ನಡಸ್ತಾನ. ಹೆಂಡ್ತಿ ಸಲ್ಮಾ ಸ್ವಭಾವದಾಗ ಬೆಣ್ಣಿ. ಗಂಡ ಹಗಲು ಅಂದ್ರ ಹಗಲು, ರಾತ್ರಿ ಅಂದ್ರ ರಾತ್ರಿ. ಅದೇ ಆಮ್ಯಾಲೆ ನಮ್ಮ ತಲಿಗೆ ಬಂತು.

ದೀಪಾವಳಿ ಸುಮಾರಿಗೆ ಅವನ ಗಂಟಲಾಗ ಗಂಟಾತು. ಇಪ್ಪತ್ತೈದು ವರ್ಷ ಗುಟ್ಕಾ ಅಗದ ಬಾಯಿ, ಇನ್ನೇನಾಗ್ತೈತಿ. ಬಳ್ಳಾರಿ ದವಾಖಾನ್ಯಾಗ ಕ್ಯಾನ್ಸರ್ ಅಂದ್ರು, ಆದ್ರ ಜಲ್ದಿ ಬಂದೀರಿ, ಕೊಯ್ಯೋದು ಬ್ಯಾಡ, ಕರೆಂಟ್ ಕೊಟ್ರ ಸುಡ್ತೈತಿ ಅಂದ್ರು. ರೇಡಿಯೇಶನ್ ಅಂತ ಅವರು ಹೇಳ್ತಾರ, ನಮ್ಮ ಜನ ಕರೆಂಟ್ ಅಂತಾರ. ವಾರಕ್ಕ ಐದರಂಗ ಮೂವತ್ತಮೂರು ಕರೆಂಟ್. ಶುರು ಮಾಡೋ ಮೊದಲೇ ಆ ದೊಡ್ಡ ಡಾಕ್ಟರ್ ಒಂದು ಮಾತು ಹೇಳಿದ್ರು: ‘ರೋಗಾ ನಾವು ನೋಡ್ಕೊಂತೀವಿ. ನುಂಗೋದು ನೀವು ಉಳಿಸ್ಕೊಬೇಕು.’ ಅಷ್ಟು ಹೇಳಿ ಒಂದು ಚೀಟಿ ಬರದು ಕೊಟ್ರು. ಲಿಂಗಸುಗೂರಾಗ ಯಶೋಧರಾ ಅಂತ ಒಬ್ಬ ಮೇಡಂ ಶನಿವಾರಕ್ಕೊಮ್ಮೆ ಕೂಡ್ತಾರ, ಅವರನ್ನ ಕಾಣ್ರಿ ಅಂತ.

ಸಿಂಧನೂರಿಂದ ಲಿಂಗಸುಗೂರಿಗೆ ಹೋಗೋ ಬಸ್ಸು ಮಸ್ಕಿ ದಾಟೇ ಹೋಗಬೇಕಲ್ಲ. ಯೂನುಸ, ಸಲ್ಮಾ ಅಲ್ಲಿಂದ ಹತ್ತಿ ಬರ್ತಿದ್ರು, ನಾನು ಮಸ್ಕಿಯಾಗ ಹತ್ತತಿದ್ದೆ. ಮೊದಲನೇ ಸಲ ಹೋದಾಗ ಆ ಖೋಲಿ ಹೊರಗ ಬರೇ ಸಣ್ಣ ಹುಡುಗರು, ತೊದಲು ಮಾತಾಡಾವು, ಮಾತೇ ಬರದವು, ತಾಯಂದಿರ ತೊಡಿ ಮ್ಯಾಲೆ ಕುಂತಿದ್ವು. ನನ್ನ ತಮ್ಮಗ ಅವಮಾನ ಆತು. ‘ಇದು ಮಾತು ಕಲಿಸೋ ದವಾಖಾನಿ ಆಪಾ. ನನಗೇನು ಮಾತು ಬರಂಗಿಲ್ಲೇನು?’ ಅಂದ.

‘ಭಾಳ ಬರ್ತೈತಿ, ಅದೇ ತಕಲೀಫು. ಕೂಡು ಸುಮ್ಕ’ ಅಂದೆ.

ಯಶೋಧರಾ ಬಳಗಾನೂರಿನ ಹುಡುಗಿ. ಇನ್ನೂ ಮೂವತ್ತರ ಒಳಗ, ಆದ್ರ ಮಾತು ಅಜ್ಜಿದು. ‘ಚಾಚಾ, ಮಾತಿನ ದಾರಿ, ನುಂಗೋ ದಾರಿ ಎರಡೂ ಒಂದೇ ಬಾಗಿಲದಾಗ ಹಾಯ್ತಾವ್ರಿ, ಅದಕ್ಕ ಎರಡೂ ನನ್ನ ಕೆಲಸನೇ’ ಅಂದ್ಲು. ಆಮ್ಯಾಲೆ ಖಾಲಾ, ಅಂದ್ರ ಚಿಗವ್ವ, ಅಂತ ನನ್ನ ಕಡೆ ತಿರುಗಿ ಬಿಡಿಸಿ ಹೇಳಿದ್ಲು. ಕರೆಂಟ್ ಬಿದ್ದ ಜಾಗದಾಗ ಮೊದಲು ಹುಣ್ಣಾಗ್ತೈತಿ, ಉಗುಳು ಅಂಟಾಗ್ತೈತಿ, ಒಂದು ಗುಟುಕು ನೀರು ಕುಡದ್ರ ಮುಳ್ಳು ನುಂಗಿದಂಗ ಆಗ್ತೈತಿ. ನೋವಂತ ನುಂಗೋದು ಬಿಟ್ರ ಅಲ್ಲಿನ ಮಾಂಸ ಕೆಲಸ ಮರತು ಬಿಗಿಯಾಗಿ ಬಿಡ್ತೈತಿ. ರೋಗ ಹೋದ್ರೂ ಅನ್ನ ಇಳಿಯಂಗಿಲ್ಲ.

‘ಮಧ್ಯದಾಗ ಮೂಗಿನಾಗ ಟ್ಯೂಬ್ ಹಾಕಬೇಕಾಗ್ತೈತಿ ಖಾಲಾ. ಅದು ಹೊಟ್ಟಿಗೆ. ಗಂಟಲಿಗೆ ಮಾತ್ರ ದಿನಾ ಕೆಲಸ ಕೊಡಬೇಕು, ಒಂದು ದಿನಾನೂ ರಜಾ ಇಲ್ಲ’ ಅಂದ್ಲು. ಆಕಿ ಕಡೆ ಬರೋ ಒಬ್ಬಾವನ ಸಂಗತೀನೂ ಹೇಳಿದ್ಲು, ಹೆಸರು ಹೇಳಲಿಲ್ಲ. ಅವನ ರೋಗ ಹೋಗಿ ಎರಡು ವರ್ಷಾತಂತ, ಇವತ್ತಿಗೂ ಟ್ಯೂಬಿನಾಗೇ ಊಟಂತ. ಮಗಳ ಮದುವ್ಯಾಗ ಎಲ್ಲರೂ ಉಣ್ಣಾಕ ಕುಂತಾಗ ಹಿತ್ತಲದಾಗ ಹೋಗಿ ನಿಂತಿದ್ದನಂತ. ಅದು ಕೇಳಿದ ಮ್ಯಾಲೆ ನನಗ ಎರಡು ದಿನ ಊಟಾನೇ ಹತ್ತಲಿಲ್ಲ. ಕ್ಯಾನ್ಸರಿನ ಅಂಜಿಕಿ ಅಷ್ಟಿದ್ದಿಲ್ಲ, ಇದು ಹೊಕ್ಕು ಕುಂತುಬಿಡ್ತು.

ಕಸರತ್ತು ಹೇಳಿಕೊಟ್ಲು. ನಾಲಿಗೀನ ಮ್ಯಾಲಿನ ಅಂಗಳಕ್ಕ ಒತ್ತಿ ಜೋರಾಗಿ ಉಗುಳು ನುಂಗೋದು ಒಂದು. ನಾಲಿಗಿ ತುದಿ ಹಲ್ಲಿನ ನಡುವ ಹಿಡದು, ಹೊರಗ ಕಾಣಂಗ ಇಟ್ಕೊಂಡೇ ನುಂಗೋದು ಒಂದು. ನುಂಗುವಾಗ ಗಂಟಲಮಣಿ ಮ್ಯಾಲೆ ಏರ್ತೈತಲ್ಲ, ಅದನ್ನ ಅಲ್ಲೇ ಎರಡು ಎಣಿಸೋತನಕ ತಡದು ಹಿಡಿಯೋದು ಮತ್ತೊಂದು. ನಾನು ಮಾಡಿ ನೋಡಿದೆ, ಚಲೋ ಗಂಟಲಿದ್ದ ನನಗೇ ಸರಿಯಾಗಿ ಬರಲಿಲ್ಲ. ಯೂನುಸ ಅಂಗಡ್ಯಾಗ ನಾಲಿಗಿ ಕಚ್ಚಿ ಕುಂತ್ರ ಮೋಟಾರು ತಂದ ರೈತರು, ಇವನ್ಯಾಕ ನಮಗ ನಾಲಿಗಿ ತೋರಿಸ್ತಾನ ಅಂತ ಮುಖ ಕೆಡಿಸ್ಕೊಂತಿದ್ರಂತ. ‘ನಿಮಗಲ್ರಿ ಅಣ್ಣಾರ, ಅದು ಔಷಧಿ’ ಅಂತ ಪಂಪಣ್ಣ ಸಮಾಧಾನ ಮಾಡ್ತಿದ್ದ.

ಬಾಯಿನೂ ಬಿಗಿತೈತಿ, ಮೂರು ಬಟ್ಟು ಒಂದರ ಮ್ಯಾಲೆ ಒಂದು ಇಟ್ಟು ಹಿಡಿಸುವಷ್ಟು ದಿನಾ ತೆಗೀಬೇಕು ಅಂದಿದ್ಲು ಮೇಡಂ. ಇವನ ಬಟ್ಟಿನ ಮ್ಯಾಲೆ ನನಗ ನಂಬಿಕಿ ಇಲ್ಲ, ಎರಡಿಟ್ಟು ಮೂರು ಅಂತಾನ. ಅಂಗಡಿಯಿಂದ ಕೂಸಿನ ಪ್ಲಾಸ್ಟಿಕ್ ಬಳಿ ಒಂದು ತಂದೆ. ‘ಇದು ನೆಟ್ಟಗ ಹಲ್ಲಿನ ನಡುವ ನಿಂತ್ರ ಪಾಸು, ಇಲ್ಲಾಂದ್ರ ಫೇಲು’ ಅಂದೆ. ಬಳಿ ಅಳತಿ ನನಗ್ಯಾರೂ ಹೇಳಿಕೊಡಬೇಕಾಗಿಲ್ಲ. ಮೇಡಂ ಪಟ್ಟಿ ಇಟ್ಟು ಅಳದ್ಲು, ಸರಿ ಐತಿ ಖಾಲಾ ಅಂದು ನಕ್ಕಳು.

ಹಿಂಗ ಮೂವತ್ತಮೂರು ಕರೆಂಟ್ ಮುಗೀತು. ಇಪ್ಪತ್ತನೇದಕ್ಕ ಟ್ಯೂಬ್ ಬಂತು, ಕುತಿಗಿ ಕರ್ರಗಾತು, ದನಿ ಕುಂತು ಹೋತು. ಆದ್ರ ಕಸರತ್ತು ಬಿಡಲಿಲ್ಲ ನನ್ನ ತಮ್ಮ, ಖರೇ ಹೇಳ್ತೀನಿ. ನೋವಿನ ಔಷಧಿ ಕುಡಿದು ಅರ್ಧ ತಾಸು ಬಿಟ್ಟು, ಕಣ್ಣೀರು ಹಾಕ್ಕೊಂತ ದಿನಾ ಅರ್ಧ ಗ್ಲಾಸ್ ನೀರು, ನಾಲ್ಕು ಚಮಚ ಗಂಜಿ ಬಾಯಿಲೇ ಇಳಿಸ್ತಿದ್ದ. ಮುಂದ ಹತ್ತು ದಿನಕ್ಕ ರಮಜಾನ್ ಬಂತು.

ರಮಜಾನಿನ ಹಿಂದಿನ ಶನಿವಾರ ಲಿಂಗಸುಗೂರಿಗೆ ಬಂದಾವ, ಮುಂದಿನ ಶನಿವಾರ ಬರಲಿಲ್ಲ. ಫೋನ್ ಮಾಡಿದ್ರ ಸಲ್ಮಾ, ‘ಬಿಸಲು ಭಾಳ ಐತಿ ಆಪಾ, ಸುಸ್ತಾಗ್ಯಾರ’ ಅಂದ್ಲು. ‘ಕಸರತ್ತು?’ ಅಂದೆ. ‘ನಡದೈತಿ’ ಅಂದ್ಲು. ನಾನೂ ನಂಬಿದೆ. ಈದ್ ಬರೋತನಕ ರಮಜಾನ್ ತಿಂಗಳೇ ಬಳಿ ಅಂಗಡಿಗೆ ಸುಗ್ಗಿ, ತಲಿ ಕೆರಕೊಳ್ಳಾಕ ಪುರಸೊತ್ತಿದ್ದಿಲ್ಲ. ಆದ್ರ ಸಲ್ಮಾ ‘ನಡದೈತಿ’ ಅಂದ ದನಿ ಮನಸ್ಸಿನಾಗೇ ಕುಂತಿತ್ತು. ಹನ್ನೊಂದನೇ ರೋಜಾ ಶುಕ್ರವಾರ. ಮಧ್ಯಾಹ್ನ ಅಂಗಡಿ ಶಟರ್ ಎಳದು ಸಿಂಧನೂರ ಬಸ್ಸು ಹತ್ತಿದೆ, ಯಾರಿಗೂ ಹೇಳಲಿಲ್ಲ.

ಹೋಗಿ ನೋಡ್ತೀನಿ, ಯೂನುಸ ಪಲಂಗದ ಮ್ಯಾಲೆ ಗ್ವಾಡಿಗೆ ಆತು ಕುಂತಾನ. ಮೂಗಿನಾಗ ಟ್ಯೂಬು. ಪಕ್ಕದಾಗ ಒಂದು ಪೀಕದಾನಿ. ನಾನು ಸಲಾಮ್ ಹೇಳಿ ಕುಂತು ಬೆವರು ಒರಸಿಕೊಳ್ಳೂದ್ರಾಗ ಮೂರು ಸಲ ಅದರಾಗ ಉಗುಳಿದ. ಕರೆಂಟ್ ಆದೋರಿಗೆ ಅಂಟು ಬರ್ತೈತಿ, ಉಗುಳ್ತಾರ ಅಂತ ನನಗ ಗೊತ್ತು. ಆದ್ರ ಇವನು ಬಂದದ್ದು ಬಂದಂಗ ಉಗುಳಾಕತ್ತಿದ್ದ, ಒಂದು ಹನಿ ಒಳಗ ಬಿಡವಲ್ಲ.

‘ಕಸರತ್ತು ಮಾಡಿ ತೋರಿಸು’ ಅಂದೆ. ಕಣ್ಣು ತಪ್ಪಿಸಿದ. ‘ಸಲ್ಮಾ, ಒಂದು ಚಮಚ ನೀರು ತಾ’ ಅಂದೆ. ಸಲ್ಮಾ ಜಾಗಾ ಬಿಟ್ಟು ಕದಲಲಿಲ್ಲ, ಸೆರಗು ಬಾಯಿಗೆ ಹಿಡ್ಕೊಂಡು ನಿಂತ್ಲು.

‘ರೋಜಾ ಆಪಾ’ ಅಂದ ಯೂನುಸ. ಒಡದ ದನಿ.

‘ಯಾರ ರೋಜಾ? ನನ್ನ ರೋಜಾ ನನಗ ಗೊತ್ತೈತಿ. ನಿಂದೇನು?’

ಆಗ ಹೊರಗ ಬಂತು ಹಕೀಕತ್ತು. ಮೂವತ್ತೈದು ವರ್ಷದಾಗ ಒಂದು ರೋಜಾ ಬಿಟ್ಟಾವ ಅಲ್ಲ ಅವನು. ಈ ವರ್ಷ ಹೊಟ್ಟಿ ರೋಜಾ ಆಗಂಗಿಲ್ಲ, ಡಾಕ್ಟರ್ ಕಡ್ಡಿ ಮುರದಂಗ ಹೇಳ್ಯಾರ. ಅದಕ್ಕ ಬಾಯಿ ರೋಜಾ ಹಿಡದಾನ! ಟ್ಯೂಬಿನಾಗ ಹೋಗೋದು ಔಷಧಿ ಲೆಕ್ಕ, ಮೂಗಿನ ದಾರಿ. ಬಾಯಿಲೆ ಮಾತ್ರ ಒಂದು ಹನಿ ನೀರಿಲ್ಲ, ಉಗುಳೂ ನುಂಗಂಗಿಲ್ಲ. ಸಂಜಿಗೆ ರೋಜಾ ಬಿಡೋ ಇಫ್ತಾರ್ ಹೊತ್ತಿಗೂ ಬಾಯಿ ತೆಗಿಯಂಗಿಲ್ಲ, ಖರೇ ರೋಜಾ ಇದ್ದೋರಿಗಷ್ಟೇ ಇಫ್ತಾರ್ ಅಂತ. ಹನ್ನೊಂದು ದಿನ! ಈ ಮಹಾತಾಯಿ ಸಲ್ಮಾ, ಪುಣ್ಯದ ಕೆಲಸ ಅಂತ ಪೀಕದಾನಿ ತೊಳದು ತೊಳದು ಇಟ್ಟಾಳ.

ಊರಿಗೆಲ್ಲಾ ಒಂದು ದಾರಿ ಆದ್ರ ಎಡವಟ್ಟಗ ಒಂದು ದಾರಿ ಅಂತಾರಲ್ಲ, ಹಂಗ. ರೋಜಾದಾಗ ಸಿಟ್ಟು ಮಾಡಬಾರದು. ಅವತ್ತು ನನ್ನ ರೋಜಾ ಉಳೀತೋ ಹೋತೋ ಅಲ್ಲಾಗೇ ಗೊತ್ತು. ‘ಲೇ ಹುಚ್ಚಾ’ ಅಂದೆ, ‘ರೋಜಾ ಇದ್ದಾಕಿ ನಾನೇ ಉಗುಳು ನುಂಗಾಕತ್ತೀನಿ, ರೋಜಾ ಇಲ್ಲದಾವ ನೀ ಉಗುಳಾಕತ್ತೀಯಲ್ಲೋ! ಉಗುಳು ನುಂಗಿದ್ರ ರೋಜಾ ಹೋಗಂಗಿಲ್ಲಂತ ನಮ್ಮ ಅಬ್ಬಾ ಸಾರಿ ಸಾರಿ ಹೇಳಿದ್ದಿಲ್ಲೇನು? ಬ್ಯಾನಿ ಇದ್ದಾವಗ ರೋಜಾ ಮಾಫ್ ಅಂತ ಕೂಸಿಗೂ ಗೊತ್ತೈತಿ! ನಿನ್ನ ಬಾಯಿ ರೋಜಾ ಯಾವ ಕಿತಾಬಿನಾಗ ಐತಿ, ತೋರಿಸು ನನಗ!’ ದನಿ ಎಷ್ಟು ಏರಿತ್ತಂದ್ರ ಓಣ್ಯಾಗಿನ ಇಬ್ಬರು ಹೆಣ್ಮಕ್ಕಳು ಬಾಗಿಲಕ್ಕ ಬಂದು ನಿಂತು, ನನ್ನ ಮುಖ ನೋಡಿ ವಾಪಸ್ ಹೋದ್ರು.

ನಾನೇ ಹೋಗಿ ಚಮಚದಾಗ ನೀರು ತಂದೆ. ಎತ್ತಿ ಕೂಡಿಸಿ ಬಾಯಿಗಿಟ್ಟೆ. ಎರಡು ವಾರದ ಹಿಂದ ನನ್ನ ಕಣ್ಣ ಮುಂದ ಅರ್ಧ ಗ್ಲಾಸ್ ಕುಡದಾವ, ಆ ಒಂದು ಚಮಚಕ್ಕ ಕೆಮ್ಮಿದ ನೋಡ್ರಿ, ಕಣ್ಣು ಹೊರಗ ಬಂದ್ವು, ಮುಖ ಕೆಂಪಾತು, ಹಾಸಿಗಿ ಬಿಗಿಯಾಗಿ ಹಿಡ್ಕೊಂಡ. ಕೂಸಿನ ಬಳಿ ತಂದು ಇಟ್ಟು ನೋಡಿದೆ, ನಿಲ್ಲಲಿಲ್ಲ. ಹಲ್ಲಿನ ನಡುವ ಎರಡು ಬಟ್ಟು ಹೆಂಗೋ ಹಿಡದ್ವು. ಆ ಹಿತ್ತಲದಾಗ ನಿಂತ ಮನುಷ್ಯಾ ಕಣ್ಣ ಮುಂದ ಬಂದ, ಮುಖ ಮಾತ್ರ ಯೂನುಸಂದು.

ಸಿಟ್ಟು ಎಲ್ಲಿ ಹೋತೋ ಗೊತ್ತಿಲ್ಲ. ಅವನ ಪಕ್ಕ ಕುಂತೆ. ಕೆಮ್ಮು ನಿಂತ ಮ್ಯಾಲೆ ಅವನೇ ಬಾಯಿ ಬಿಟ್ಟ.

‘ರಮಜಾನಿನ ಹಿಂದಿನ ದಿನ ಹಿಂಗ ಆಗಿತ್ತು ಆಪಾ. ಮನ್ಯಾಗ ಯಾರೂ ಇದ್ದಿಲ್ಲ. ನೀರು ಅಡ್ಡದಾರಿ ಹಿಡೀತು. ಉಸಿರು ನಿಂತೇ ಹೋತು ಅನಿಸ್ತು. ಕ್ಯಾನ್ಸರಿಗೆ ಸಾಯಲಿಲ್ಲ, ಒಂದು ಗುಟುಕು ನೀರಿಗೆ ಸಾಯ್ತೀನಿ ಅನಿಸ್ತು.’ ಅಂಗೈ ನೋಡ್ಕೊಂತ ಹೇಳಿದ. ‘ಅಂಜಿಕಿ ಆಗ್ತೈತಿ ಅಂದ್ರ ನೀ ಬೈತಿ. ರೋಜಾ ಅಂದ್ರ ಯಾಕ ಅಂತ ಯಾರೂ ಕೇಳಂಗಿಲ್ಲ.’

ನನ್ನ ಬೈಗಳಕ್ಕ ಅಂಜಿ ನನ್ನ ತಮ್ಮ ಅಲ್ಲಾನ ಹಿಂದ ಅಡಗಿ ಕುಂತಿದ್ದ. ಆ ಮಾತು ನನಗ ನೆಟ್ಟಿತು. ಅವನ ತಲಿ ಹಿಡ್ಕೊಂಡು ಅತ್ತೆ, ಸಲ್ಮಾನೂ ಅತ್ಲು. ಇಫ್ತಾರಿನ ಸೈರನ್ ಆತು, ನಾನು ಖಜೂರ ಬಾಯಾಗ ಹಾಕ್ಕೊಂಡ್ರ ಅದು ನನ್ನ ಗಂಟಲಾಗೂ ಇಳೀವಲ್ದು.

ಮಾರನೇ ದಿನ ಶನಿವಾರ. ಮೊದಲನೇ ಬಸ್ಸಿಗೆ ಮೂವರೂ ಲಿಂಗಸುಗೂರಿಗೆ ಹೊಂಟ್ವಿ. ಮೇಡಂ ಮುಂದ ಎಲ್ಲಾ ಹೇಳಿದೆ, ಒಂದೂ ಮುಚ್ಚಿಡಲಿಲ್ಲ. ‘ಬೈರಿ ಮೇಡಂ, ನನ್ನ ಪಾಲಿಂದು ನಾ ಬೈದೀನಿ’ ಅಂದೆ. ಆಕಿ ಬೈಲಿಲ್ಲ. ಅವನ ಗಂಟಲಮಣಿ ಮ್ಯಾಲೆ ನಾಲ್ಕು ಬಟ್ಟಿಟ್ಟು ನುಂಗ್ರಿ ಅಂದ್ಲು. ಮತ್ತ ಮತ್ತ ನುಂಗಿಸಿದ್ಲು. ನಾನು ಆಕಿ ಮುಖಾನೇ ನೋಡಾಕತ್ತಿದ್ದೆ, ಕೋರ್ಟಿನಾಗ ಜಡ್ಜ್ ಮುಖ ನೋಡ್ತಾರಲ್ಲ ಹಂಗ.

‘ಏರಾಕತ್ತೈತಿ. ಅರ್ಧಕ್ಕ ನಿಲ್ತೈತಿ, ಆದ್ರ ಏರ್ತೈತಿ’ ಅಂದ್ಲು. ‘ಹನ್ನೆರಡು ದಿನಕ್ಕ ಬಂದೀರಿ, ಹನ್ನೆರಡು ತಿಂಗಳಿಗೆ ಬಂದಿದ್ರ ನನ್ನ ಕೈಯಾಗ ಏನೂ ಇರ್ತಿದ್ದಿಲ್ಲ.’ ಆಮ್ಯಾಲೆ ಯೂನುಸನ ಕಡೆ ಕುರ್ಚಿ ಎಳಕೊಂಡು ಕುಂತು ಕೇಳಿದ್ಲು: ‘ಕೆಮ್ಮು ಬಂದಾಗ ಅಂಜಿಕಿ ಆತೇನ್ರಿ ಚಾಚಾ?’

ಯೂನುಸ ಗೋಣು ಹಾಕಿದ.

‘ಕೆಮ್ಮು ವೈರಿ ಅಲ್ರಿ. ನೀರು ಉಸಿರಿನ ದಾರಿಗೆ ಹೋಗಾಕತ್ತಿತ್ತು, ಕೆಮ್ಮು ಅದನ್ನ ಹೊರಗ ಹಾಕಿತು. ಕೆಮ್ಮೇ ಬರದಿದ್ರ ನಾ ಅಂಜಬೇಕು. ನೀವು ಒಬ್ಬರೇ ಇದ್ರಿ, ಯಾರೂ ಹೇಳಿಕೊಟ್ಟಿದ್ದಿಲ್ಲ, ಅದು ನನ್ನ ತಪ್ಪು.’ ಅಂದು ಹೇಳಿಕೊಟ್ಲು. ನೆಟ್ಟಗ ಕೂಡಬೇಕು. ಈಗ ತೆಳ್ಳನ ನೀರು ಬ್ಯಾಡ, ಮಂದನ ಗಂಜಿ, ಸಣ್ಣ ಚಮಚ. ಗದ್ದ ಎದಿಗೆ ತಾಗಿಸಿ ನುಂಗಬೇಕು. ಕೆಮ್ಮು ಬಂದ್ರ ಹೆದರಿ ಉಸಿರು ಒಳಗ ಎಳಕೊಬಾರದು. ಜೋರಾಗಿ ಕೆಮ್ಮಬೇಕು, ಇನ್ನೊಮ್ಮೆ ನುಂಗಬೇಕು, ಆಮ್ಯಾಲೆ ಉಸಿರು. ಜ್ವರ ಬಂದ್ರ, ದನಿ ಗುಳುಗುಳು ಅಂದ್ರ ಫೋನ್ ಮಾಡ್ರಿ ಅಂತ ಸಲ್ಮಾಗ ಹೇಳಿದ್ಲು. ಆ ಖೋಲ್ಯಾಗೇ ಗದ್ದ ಬಗ್ಗಿಸಿ ಆರು ಚಮಚ ಗಂಜಿ ನುಂಗಿಸಿದ್ಲು. ಎರಡು ಸಲ ಕೆಮ್ಮಿದ, ಎರಡು ಸಲಾನೂ ಆಕಿ ‘ಶಾಬಾಸ್’ ಅಂದ್ಲು. ಕೆಮ್ಮಿದ್ದಕ್ಕ ಶಾಬಾಸ್ ಅನ್ನೋದು ನಾ ಅವತ್ತೇ ಕೇಳಿದ್ದು.

ವಾಪಸ್ ಬರುವಾಗ ಮಸ್ಕಿಯಾಗ ನಾ ಇಳೀಲಿಲ್ಲ. ‘ಅಂಗಡಿ ಆಪಾ?’ ಅಂದ್ಲು ಸಲ್ಮಾ. ‘ಮಸ್ಕಿ ಹೆಣ್ಮಕ್ಕಳು ಈ ವರ್ಷ ಹಳೇ ಬಳೀನೇ ಹಾಕ್ಕೊಳ್ಳಲಿ’ ಅಂದೆ. ಹೈದರಾಬಾದಿಂದ ತಂದ ಹೊಸ ಮಾಲು ಪೆಟಿಗ್ಯಾಗೇ ಇತ್ತು. ಆದ್ರ ಈ ಇಬ್ಬರನ್ನ ಅವರ ಪಾಡಿಗೆ ಬಿಡೋದು ನನ್ನಿಂದ ಸಾಧ್ಯ ಇದ್ದಿಲ್ಲ.

ಅವನ ಮುಂದ ಕುಂತು ಒಂದು ಕರಾರು ಮಾಡಿದೆ. ‘ಬೈಯಂಗಿಲ್ಲ ನಾನು. ಆದ್ರ ನೀ ಅಂಜಿಕಿ ಆದ್ರ ಅಂಜಿಕಿ ಅಂತೇ ಹೇಳಬೇಕು. ಮತ್ತ ನಿನಗ ಇಬಾದತ್ತೇ, ಅಲ್ಲಾನ ಸೇವಾನೇ ಬೇಕಂದ್ರ, ಐದು ಹೊತ್ತಿನ ನಮಾಜ್ ಐತಲ್ಲ, ಕುಂತಲ್ಲೇ ಮಾಡು. ಒಂದೊಂದು ನಮಾಜ್ ಆದ ಮ್ಯಾಲೆ ಹತ್ತು ಹತ್ತು ನುಂಗು. ಸಂಜಿಗೆ ನಮ್ಮ ಜೋಡಿ ದಸ್ತರಖಾನ ಹಾಸಿ ಊಟಕ್ಕ ಕುಂತು ಗಂಜಿ ಕುಡಿ. ಇದು ನಿನ್ನ ಈ ವರ್ಷದ ರಮಜಾನ್.’ ಅವನು ಪೀಕದಾನಿ ತಾನೇ ಎತ್ತಿ ಹೊರಗಿಟ್ಟ.

ಮೂರು ವಾರ ಅಂದ್ರ ಮೂರು ವಾರ. ಅಜಾನ್ ಆತಂದ್ರ ನಮ್ಮ ಕೆಲಸ ಶುರು. ಅವನ ಎದುರಿಗೆ ಕುಂತು ನಾನೂ ನುಂಗತಿದ್ದೆ, ಒಂದು, ಎರಡು, ಮೂರು ಅಂತ. ಬೈಯಂಗಿಲ್ಲ ಅಂತ ಮಾತು ಕೊಟ್ಟಿದ್ದೆ, ಅದಕ್ಕ ಸಿಟ್ಟು ಬಂದಾಗೆಲ್ಲ ಹಿತ್ತಲಕ್ಕ ಹೋಗಿ ಪಂಪಣ್ಣಗ ಫೋನ್ ಮಾಡಿ ಅವನನ್ನ ಬೈತಿದ್ದೆ. ‘ಬೈರಿ ಅಕ್ಕಾರ, ಮೋಟಾರು ಸುತ್ತಿಕೊಂತ ಕೇಳ್ತೀನಿ, ಬ್ಯಾಸರ ಹೋಗ್ತೈತಿ’ ಅಂತಿದ್ದ ಆ ಪುಣ್ಯಾತ್ಮ.

ಮೊದಲನೇ ವಾರ ಆರು ಚಮಚ ಇದ್ದದ್ದು ಹನ್ನೆರಡಾತು, ಅಷ್ಟೇ. ಒಂದಿನ ಮಧ್ಯಾಹ್ನ ಜೋರು ಕೆಮ್ಮು ಬಂತು, ಅವನು ನನ್ನ ಕೈ ಎಂಥಾ ಬಿಗಿ ಹಿಡದನಂದ್ರ ನನ್ನ ನಾಲ್ಕು ಬಳಿ ಒಡದ್ವು. ‘ಅಂಜಿಕಿ ಆಪಾ, ಅಂಜಿಕಿ’ ಅಂದ. ‘ಕೆಮ್ಮು, ನುಂಗು, ಉಸಿರು’ ಅಂದೆ. ಕೆಮ್ಮಿದ, ನುಂಗಿದ, ಉಸಿರು ಬಿಟ್ಟ. ಇಬ್ಬರೂ ಬೆವತು ಹೋಗಿದ್ವಿ. ಎರಡನೇ ವಾರದಾಗ ಒಂದಿನ ಸಂಜಿಕ ಸಲ್ಮಾ ಬ್ಯಾಳಿ ಅನ್ನ ಮೆತ್ತಗ ಕಿವಿಚಿ ಇಟ್ಲು. ಒಂದು ಬಟ್ಟಲಾ ಪೂರಾ ಹೋತು. ಹೆಚ್ಚೇನಿಲ್ಲ, ಕೂಸಿಗೆ ಉಣಿಸೋ ಬಟ್ಟಲಾ. ಮುಕ್ಕಾಲು ತಾಸು ಹಿಡೀತು. ಅವತ್ತಿಂದ ಟ್ಯೂಬಿನಾಗ ಹಾಕೋದು ಕಡಿಮಿ ಆಗಿ, ಈದ್ ಬರೋ ಮೊದಲಿನ ಒಂದು ವಾರ ಅದಕ್ಕ ಕೆಲಸನೇ ಇದ್ದಿಲ್ಲ. ಬರೇ ನೀರು ಹಾಯಿಸಿ ಸ್ವಚ್ಛ ಇಡೋದು. ಈದ್ ಹಬ್ಬದ ದಿನ ಹಾಲಿನಾಗ ನೆನೆದ ಶಾವಿಗಿ ಉಂಡ. ಖೀರಿನ ರುಚಿ ಹತ್ತವಲ್ದು, ಮಣ್ಣಿನಂಗ ಆಗೈತಿ ಅಂದ. ರುಚಿ ನಿಧಾನಕ್ಕ ಬರ್ತೈತಿ, ಮೊದಲು ದಾರಿ ಬರಲಿ ಅಂದೆ.

ಈದ್ ಆದ ಮ್ಯಾಲಿನ ಶನಿವಾರ ಲಿಂಗಸುಗೂರಿಗೆ ಹೋದ್ವಿ. ಅವತ್ತು ಪರೀಕ್ಷಾ. ಈ ಸಲ ಪಾಸಾಗಲಿಲ್ಲ ಅಂದ್ರ ಹೊಟ್ಟಿಗೇ ತೂತು ಹಾಕಿ ಟ್ಯೂಬ್ ಇಡೋ ಮಾತು ಬರ್ತೈತಿ ಅಂತ ಬಳ್ಳಾರಿ ಡಾಕ್ಟರ್ ಫೋನಿನಾಗ ಹೇಳಿದ್ರು. ಅದನ್ನ ಯೂನುಸಗ ನಾನೇ ಹೇಳಿದ್ದೆ, ಮುಚ್ಚಿಡೋದು ನಮ್ಮಿಬ್ಬರ ನಡುವ ಸಾಕಾಗಿತ್ತು.

ಯಶೋಧರಾ ಮೊದಲು ಬಾಯಿ ಅಳದ್ಲು. ಮೂರು ಬಟ್ಟು. ಆಮ್ಯಾಲೆ ಗಂಜಿ, ಆಮ್ಯಾಲೆ ಬಾಳೆಹಣ್ಣು. ಕಡೀಕ ನೀರು. ಬರೇ ನೀರು, ತೆಳ್ಳಂದು. ಒಂದು ಗುಟುಕು ಕುಡಿಸಿ ‘ಆ ಅನ್ರಿ’ ಅಂದ್ಲು. ‘ಆ’ ಅಂದ. ದನಿ ಸ್ವಚ್ಛ ಇತ್ತು. ಕುತಿಗಿ ಮ್ಯಾಲೆ ಸ್ಟೆಥಾಸ್ಕೋಪ್ ಇಟ್ಟು ಕೇಳಿದ್ಲು. ಇನ್ನೊಂದು ಗುಟುಕು, ಇನ್ನೊಮ್ಮೆ ‘ಆ’. ಗ್ಲಾಸ್ ಖಾಲಿ ಆಗೋತನಕ ಹಂಗೇ.

‘ಚಾಚಾ, ಮೂಗಿಂದು ತೆಗೆಸಿಬಿಡ್ರಿ’ ಅಂದ್ಲು. ಆಕಿ ಕಣ್ಣೂ ತೇವ ಆಗಿತ್ತು, ಬಿಡ್ರಿ, ನಾ ನೋಡೀನಿ. ಬಳ್ಳಾರಿಗೆ ಫೋನ್ ಹಚ್ಚಿ ಡಾಕ್ಟರ್ ಜೋಡಿ ಮಾತಾಡಿದ್ಲು, ಪಕ್ಕದ ಖೋಲಿಯಿಂದ ನರ್ಸ್ ಬಂದ್ಲು. ಪಟ್ಟಿ ಕಿತ್ತು, ‘ಉಸಿರು ಹಿಡೀರಿ’ ಅಂದು ಸರ್ರಂತ ಎಳದ್ಲು. ಅಷ್ಟುದ್ದ ಒಳಗಿತ್ತಲ್ಲ ಅಂತ ಸಲ್ಮಾ ಬಾಯಿ ಮ್ಯಾಲೆ ಕೈ ಇಟ್ಲು. ಯೂನುಸ ನಾಲ್ಕು ಸಲ ಸೀನಿದ. ಕಸರತ್ತು ಬಿಡಬ್ಯಾಡ್ರಿ, ಬಿಗಿಯೋದು ವರ್ಷಗಟ್ಟಲೆ ಆದ ಮ್ಯಾಲೂ ಬರ್ತೈತಿ, ತಿಂಗಳಿಗೊಮ್ಮೆ ಬರ್ರಿ ಅಂತ ಮೇಡಂ ಹೇಳಿದ್ಲು. ಬರ್ತೀವಿ ತಾಯಿ ಅಂದೆ. ಹೊರಗ ಬಂದಾಗ ಮೂವರಿಗೂ ಏನು ಮಾಡಬೇಕಂತ ತಿಳೀಲಿಲ್ಲ, ಸುಮ್ಕ ಬಿಸಲಾಗ ನಿಂತ್ವಿ.

ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಸಣ್ಣ ಹೋಟೆಲ್. ಯೂನುಸ ನಮಗ ಕೇಳಲಿಲ್ಲ, ಹೇಳಲಿಲ್ಲ, ಸೀದಾ ಒಳಗ ಹೋಗಿ ಕುಂತುಬಿಟ್ಟ. ‘ಒಂದು ಪ್ಲೇಟ್ ಒಗ್ಗರಣಿ’ ಅಂದ. ನಮ್ಮ ಕಡೆ ಮಂಡಾಳು, ಅಂದ್ರ ಮಂಡಕ್ಕಿ, ತೋಯಿಸಿ ಒಗ್ಗರಣಿ ಹಾಕಿ ಕೊಡ್ತಾರಲ್ಲ, ಅದು. ‘ಚಲೋತ್ನಾಗಿ ತೋಯಿಸು ತಮ್ಮಾ, ಮೆತ್ತಗಿರಲಿ, ಖಾರ ಬ್ಯಾಡ’ ಅಂತ ನಾ ಕೂಗಿ ಹೇಳಿದೆ. ಪ್ಲೇಟು ಬಂತು. ನೆಟ್ಟಗ ಕುಂತ, ಚಮಚದಾಗ ಸ್ವಲ್ಪ ತಗೊಂಡ, ಅಗದ ಅಗದ, ನುಂಗಿದ. ಒಂದು ಗುಟುಕು ನೀರು. ಮತ್ತೊಂದು ಚಮಚ. ಮಸ್ಕಿ ಬಸ್ಸು ಬಂತು, ಹೋತು. ಹೋಗಲಿ ಅಂದೆ. ಅರ್ಧ ಪ್ಲೇಟ್ ಆಗಿತ್ತು, ಆವಾಗ ಕೆಮ್ಮು ಬಂತು.

ಎಂಥಾ ಕೆಮ್ಮು! ನಾನು ಎದ್ದೆ, ಸಲ್ಮಾ ಎದ್ಲು, ಬೆಂಚು ಹಿಂದಕ್ಕ ಬಿತ್ತು. ಯಾ ಅಲ್ಲಾ, ಟ್ಯೂಬ್ ತೆಗೆದು ತಾಸಾಗಿಲ್ಲ ಅಂತ ನನ್ನ ಜೀವಾನೇ ಹಾರಿಹೋತು. ಯೂನುಸ ನಮ್ಮಿಬ್ಬರಿಗೂ ಕೈ ಅಡ್ಡ ಹಿಡದ. ನನ್ನ ಕಡೆ ನೋಡಲೇ ಇಲ್ಲ. ಗದ್ದ ಬಗ್ಗಿಸಿ ಜೋರಾಗಿ ಕೆಮ್ಮಿದ, ಒಮ್ಮೆ ನುಂಗಿದ, ಇನ್ನೊಮ್ಮೆ ನುಂಗಿದ, ಉಸಿರು ತಗೊಂಡ. ಕಣ್ಣಾಗಿನ ನೀರು ಒರಸಿಕೊಂಡು ಪ್ಲೇಟಿನಾಗಿಂದ ಒಂದು ಹಸೇ ಮೆಣಸಿನಕಾಯಿ ತುಣುಕು ಎತ್ತಿ ಬಾಜೂಕಿಟ್ಟ.

‘ಕೂಡ್ರಿ’ ಅಂದ. ‘ಮೆಣಸಿನಕಾಯಿ ನೆತ್ತಿಗೆ ಹತ್ತಿತು. ಯಾರಿಗೆ ಹತ್ತಂಗಿಲ್ಲ?’ ಅಂದು ಮತ್ತ ಚಮಚ ತುಂಬಿಕೊಂಡ.

ಟ್ಯೂಬ್ ತೆಗೆದಾಗ ನಾ ಅತ್ತಿದ್ದಿಲ್ಲ. ಈಗ ಅತ್ತೆ, ಆ ಹೋಟೆಲಿನಾಗ, ಅಷ್ಟು ಮಂದಿ ಮುಂದ, ಹೋ ಅಂತ ಅತ್ತೆ. ಹೋಟೆಲಿನಾವ ಗಾಬರಿಯಾಗಿ ಓಡಿ ಬಂದ, ನನ್ನ ಕಣ್ಣು ಮೂಗು ನೋಡಿ, ‘ಖಾರ ಹೆಚ್ಚಾತೇನ್ರಿ ಅಮ್ಮಾರ?’ ಅಂದ. ನನ್ನ ಮುಂದ ಪ್ಲೇಟೇ ಇದ್ದಿಲ್ಲ.

‘ಹೂಂ, ಹೆಚ್ಚಾಗೈತಿ’ ಅಂದೆ. ‘ನನಗೂ ಒಂದು ತಾ.’